ನಾ ಹುಟ್ಟಿಸಿದ ಪುರಾತನ ಪದ್ಧತಿ

ಪುಣೆದಾಗ ಮಂದಿಗೆ ಟೋಪಿ ಹಾಕೋದು ಸಣ್ಣ ಕೆಲಸ ಅಲ್ರಿ. ಇಲ್ಲಿ ಎಲ್ಲಾರಿಗೂ ಎಲ್ಲಾ ಗೊತ್ತಿರ್ತದ. ಅಂಥಾ ಊರಿಗೆ ಧಾರವಾಡದಿಂದ ಬಂದು, ಕಾಲೇಜಿನ ಲ್ಯಾಬ್ ನೋಡಿಕೋತ, ಹುಡುಗ್ರಿಂದ ಹಿಡಿದು ಪ್ರಿನ್ಸಿಪಾಲರ ತನಕಾ ಯಾರನ್ನೂ ಬಿಡದ ಚೇಷ್ಟಾ ಮಾಡಿ, ಹಾರ ಹಾಕಿಸಿಕೊಂಡು ರಿಟೈರ್ ಆದಾಂವ ನಾ ಒಬ್ಬನ.

ಮನ್ಯಾಗ ಕೂತಾಗ ಒಂದು ಯುನಿವರ್ಸಿಟಿಯವ್ರು ಕರದ್ರು. ದೇಶ ವಿದೇಶದ ಮಂದಿ ಸೇರಿ ಮಣ್ಣೊಳಗಿನ ಸೂಕ್ಷ್ಮಜೀವಿಗಳ ಮ್ಯಾಲ ಸಂಶೋಧನಾ ಮಾಡೋ ಹೊಸ ತಂಡ. ಲ್ಯಾಬ್ ನಿಂದ್ರಿಸಿಕೊಡಾಕ ಅನುಭವ ಇದ್ದಾವ ಬೇಕಾಗಿದ್ದ. "ಹೋಗ್ರಿ, ಮೊದಲ ಹೋಗ್ರಿ" ಅಂತ ನನ್ನ ಹೆಂಡತಿ ಚಪ್ಪಲಿ ತಂದು ಮುಂದ ಇಟ್ಲು.

ತಂಡದ ಮುಖ್ಯಸ್ಥಿ ಜರ್ಮನಿಯಾಕಿ. ನಾ ಗೌರವಕ್ಕ ಬಾಯಾರು ಅಂತಿದ್ದೆ. ಆಕಿ ಕೆಳಗ ಒಬ್ಬ ಜಪಾನಿನಾಂವ, ಒಬ್ಬಾಕಿ ಬ್ರೆಜಿಲ್‌ನಾಕಿ, ಮತ್ತ ನಮ್ಮ ಬೆಳಗಾವಿ ಹುಡುಗಿ. ಈ ಹುಡುಗಿ ಕಾಯಂ ಬ್ಯಾಂಕ್ ನೌಕರಿ ಬಿಟ್ಟು, ಮನ್ಯಾಗ ಜಗಳಾಡಿ ಪಿಎಚ್‌ಡಿಗೆ ಬಂದಿದ್ಳು. ವರ್ಷದ ಕಡೀಕ ಒಂದು ಕಮಿಟಿ ಬಂದು ನೋಡಿ ಹ್ಞೂಂ ಅಂದ್ರ ತಂಡ ಮುಂದ, ಇಲ್ಲಂದ್ರ ಬಂದ್. ಬಂದ್ ಆದ್ರ ಉಳಿದವ್ರಿಗೆ ತಮ್ಮ ತಮ್ಮ ದೇಶ ಇದ್ದವು. ಈಕಿಗೆ ಬ್ಯಾಂಕೂ ಇಲ್ಲ, ಪಿಎಚ್‌ಡಿನೂ ಇಲ್ಲ.

ತಂಡ ಅನ್ನೋದು ಹೆಸರಿಗಷ್ಟ. ಎಲ್ಲಾರೂ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಗ್ವಾಡಿ ಕಡೆ ಮುಖ ಮಾಡಿ ಕೂಡಾವ್ರು. ಕೆಡಿಸಿದ್ದನ್ನ ಯಾರೂ ಬಾಯಿಬಿಟ್ಟು ಹೇಳಾಂಗಿಲ್ಲ. ಪುಣೆ ಹೊರಗಿನ ಸಾಸವಡ ಅನ್ನೋ ಊರಿನ ಮಣ್ಣನ್ನ ಒಂದು ದ್ರಾವಣದಾಗ ಹಾಕಿ ಜಪಾನಿನಾಂವ ಕೆಡಿಸಿದ. ಮುಂದಿನ ವಾರ ಬ್ರೆಜಿಲ್‌ನಾಕಿ ಅದ ದ್ರಾವಣದಾಗ ಹಾಕಿ ಕೆಡಿಸಿದ್ಳು. ಆಮ್ಯಾಲ ನಮ್ಮ ಹುಡುಗಿ. ಪ್ರತಿ ಸಲ ಸಾಸವಡಕ್ಕ ಹೋಗಿ ಮತ್ತ ಮಣ್ಣು ತರಾವ ಯಾರು? ನಾನ.

ಅಷ್ಟರಾಗ ಮಣ್ಣು ತಪಾಸ ಮಾಡೋ ದೊಡ್ಡ ಮಷೀನ್ ಬಂತು. ಅದಕ್ಕ ಕುಂಕುಮ ಹಚ್ಚಿ, ಬಾಗಲಾಗ ಕಾಯಿ ಒಡದೆ. ಇದು ಖರೇ ಪದ್ಧತಿ. ಜಪಾನಿನಾಂವ ಭಾಳ ಭಕ್ತಿಲೇ ಇಂಗ್ಲಿಷಿನ್ಯಾಗ ಕೇಳಿದ, "ಕಾಕಾ, ಇಷ್ಟಕ್ಕ ಮುಗೀತೇನ್ರಿ?"

ಹಿಂಗ ಕೇಳಿದ ಮ್ಯಾಲ ಸುಮ್ಮನಿರಾಕ ನಾ ಏನ್ ಸಂತನ?

"ಎಲ್ಲಿ ಮುಗೀತಪಾ!" ಅಂದೆ. "ದಿನಾ ಮುಂಜಾನೆ ಚಾಲೂ ಮಾಡೋಕಿಂತ ಮೊದಲ ಎಲ್ಲಾರೂ ಮಷೀನ್ ಮುಂದ ಕೈ ಮುಗದು ನಿಂದ್ರಬೇಕು. ನಿನ್ನಿ ಏನೇನ್ ಕೆಡಿಸೀವಿ ಅಂತ ಒಬ್ಬೊಬ್ರ ಗಟ್ಟಿಯಾಗಿ ಹೇಳಬೇಕು. ಮುಚ್ಚಿಟ್ರ ಮಷೀನಿಗೆ ಸಿಟ್ಟು ಬರ್ತದ. ಭಾಳ ಹಳೇ ಪದ್ಧತಿ."

ನೀರು ಕುಡೀತಿದ್ದ ಬೆಳಗಾವಿ ಹುಡುಗಿಗೆ ನೆತ್ತಿಗೇರಿ ಕೆಮ್ಮು ಹತ್ತಿತು.

ಮರುದಿನ ನೋಡ್ತೀನಿ, ಎಲ್ಲಾರೂ ಸಾಲಾಗಿ ನಿಂತಾರ! ಸ್ಥಳೀಯ ಪದ್ಧತಿಗೆ ಗೌರವ ಕೊಡಬೇಕು ಅಂತ ಬಾಯಾರೂ ನಿಂತಾರ. ಜಪಾನಿನಾಂವ ಸೊಂಟದ ತನಕಾ ಬಗ್ಗಿ, ಹುಡುಗಿ ಕಡಿಂದ ಬಾಯಿಪಾಠ ಮಾಡಿದ ಕನ್ನಡದಾಗ "ಮಷೀನ್ ಅಜ್ಜಾರ, ದ್ರಾವಣದಾಗ ಮಣ್ಣು ಕೆಡಿಸಿದೆ, ಕ್ಷಮಾ ಮಾಡ್ರಿ" ಅಂದ, ಆಮ್ಯಾಲ ಯಾವ ದ್ರಾವಣ ಅಂತ ಇಂಗ್ಲಿಷಿನ್ಯಾಗೂ ಹೇಳಿದ. ಬ್ರೆಜಿಲ್‌ನಾಕಿ ತಟ್ಟನ ಅವನ ಕಡೆ ಹೊಳ್ಳಿದ್ಳು. "ನಿಂದೂ ಅದ ದ್ರಾವಣೇನು?"

ಮುಗೀತು ನೋಡ್ರಿ. ಅವತ್ತಿಂದ ಹೆಡ್‌ಫೋನ್ ಇಳದ್ವು, ಮಾತು ಏರಿತು. ಒಬ್ಬಾವ ಕೆಡಿಸಿದ್ದನ್ನ ಇನ್ನೊಬ್ಬಾಕಿ ಕೆಡಿಸೋದು ನಿಂತಿತು, ನನ್ನ ಸಾಸವಡದ ಓಡಾಟನೂ ನಿಂತಿತು. ಆದ್ರ ನನ್ನ ಸಂಕಟ ಕೇಳ್ರಿ. ಇಷ್ಟು ಛಲೋ ಚೇಷ್ಟಾ ಮಾಡಿ, ಯಾರ ಮುಂದೂ ಹೇಳಿ ನಗುವಂಗಿಲ್ಲ!

ಕಮಿಟಿ ಬರೋ ದಿನಾ ಮುಂಜಾನೆ ಹುಡುಗಿ ನನ್ನ ಮೂಲ್ಯಾಗ ಹಿಡಿದ್ಳು. "ಕಾಕಾ, ಇವತ್ತೊಂದು ದಿನ ಅದನ್ನ ಬಿಡಸ್ರಿ. ಮೂಢನಂಬಿಕಿ ಮಾಡ್ಕೋತ ಕೂತಾರಂತ ತಂಡ ಮುಚ್ಚಿದ್ರ ನನ್ನ ಗತಿ ಏನು? ನಿಮ್ಮ ಚೇಷ್ಟಾ ನನ್ನ ಪಿಎಚ್‌ಡಿ ತಿಂತದ."

"ಹಂಗಾರ ಬಾಯಾರಿಗೆ ಖರೇ ಹೇಳಬೇಕಾಗ್ತದಲ್ಲವಾ."

"ಹೇಳ್ರಿ! ಈಗ ಹೋಗಿ ಹೇಳ್ರಿ!"

ಬಾಯಾರ ಖೋಲಿ ಬಾಗಲಕ್ಕ ಮುಟ್ಟಿದ್ದೆ, ಕಮಿಟಿ ಮುಂಚೇನ ಬಂದುಬಿಡ್ತು. ಜರ್ಮನಿಯಾಕಿ ಅಂದ್ರ ಜರ್ಮನಿಯಾಕಿ. ಕಮಿಟಿ ಬರಲಿ, ಭೂಕಂಪ ಬರಲಿ, ಹೊತ್ತಿಗೆ ಸರಿಯಾಗಿ ಎಲ್ಲಾರನ್ನೂ ಮಷೀನ್ ಮುಂದ ನಿಂದ್ರಿಸಿದ್ರು. ಒಬ್ಬೊಬ್ರ ಕೈ ಮುಗದು ಒಪ್ಪಿಸಿದ್ರು.

ಕಮಿಟಿಯೊಳಗಿನ ವಿದೇಶಿ ಮೇಂಬರ್ ಹುಬ್ಬೇರಿಸಿದ. "ಇದೇನು?"

"ಇಲ್ಲಿಯ ಪುರಾತನ ಪದ್ಧತಿ. ಕಾಕಾ ಹೇಳಿಕೊಟ್ಟಾರ" ಅಂದ್ರು ಬಾಯಾರು. ಎಲ್ಲಾರ ಕಣ್ಣು ನನ್ನ ಮ್ಯಾಲ. ಹುಟ್ಟಿದಾಗಿಂದ ಸುಳ್ಳಿಗೆ ತಡವರಿಸದ ನಾ ಅವತ್ತು ಅರಿವಿ ತಗೊಂಡು ಮಷೀನ್ ಒರಸಾಕ ಹತ್ತಿದೆ.

ವಿದೇಶಿ ಮೇಂಬರ್ ಕಮಿಟಿ ಅಧ್ಯಕ್ಷರ ಕಡೆ ಹೊಳ್ಳಿದ. ಅಧ್ಯಕ್ಷರು ಅಂದ್ರ ಪುಣೆದ ಹಳೇ ಪೇಠದಾಗ ಹುಟ್ಟಿ ಬೆಳದ ಪ್ರೊಫೆಸರ್ರು. "ನೀವು ಇಲ್ಲೀಯವ್ರು. ನಿಮಗ ಇದು ಗೊತ್ತದ ಏನು?"

ಗೊತ್ತಿಲ್ಲ ಅನ್ನೋ ಮಾತು ಪುಣೆದಾವ್ರ ಬಾಯಾಗ ಬರೋದುಂಟ? ಅಧ್ಯಕ್ಷರು ಚಷ್ಮಾ ಸರಿ ಮಾಡಿಕೊಂಡ್ರು.

"ಗೊತ್ತಿಲ್ಲದ ಏನು? ನಮ್ಮ ಮನ್ಯಾಗೂ ಇತ್ತು. ನಮ್ಮಜ್ಜ ದಿನಾ ಹಿಟ್ಟಿನ ಗಿರಣಿ ಮುಂದ ನಿಂತು ಹೇಳ್ತಿದ್ರು. ಈಗಿನವ್ರು ಎಲ್ಲಾ ಬಿಟ್ಟಾರ."

"ಸುಳ್ಳ! ಅದು ನಂದು!" ಅಂತ ಒದರಾಂವ ಇದ್ದೆ. ಹುಡುಗಿ ನನ್ನ ಮೊಣಕೈ ಚಿವುಟಿದ್ಳು. ಆ ಮುಖ ನೋಡಿ ಬಾಯಿ ಮುಚ್ಚಿದೆ. ನನ್ನ ಜೀವನದಾಗ ಅಷ್ಟು ದೊಡ್ಡ ತ್ಯಾಗ ಮತ್ತೊಂದಿಲ್ರಿ.

"ತಮ್ಮ ತಪ್ಪನ್ನ ಹೊರಗಿನವ್ರ ಮುಂದ ಇಷ್ಟು ಸಲೀಸಾಗಿ ಹೇಳೋ ತಂಡ ನಾ ನೋಡಿಲ್ಲ" ಅಂದ ವಿದೇಶಿ ಮೇಂಬರ್. ಸಂಜೀಕ ಹ್ಞೂಂ ಅಂತ ಸುದ್ದಿ ಬಂತು. ಹುಡುಗಿ ಬೆಳಗಾವಿಗೆ ಫೋನ್ ಹಚ್ಚಿ ಅತ್ತಳು, ಆಮ್ಯಾಲ ಊರಿಗೆ ಹೋಗಿ ಬರಬೇಕಾದ್ರ ನನಗ ಕುಂದಾ ತಂದ್ಳು.

ಇಷ್ಟಕ್ಕ ಬಿಟ್ಟಿದ್ರ ಛಲೋ ಇತ್ತು. ಮುಂದಿನ ವಾರ ಅಧ್ಯಕ್ಷರು ತಾವಾಗೇ ಲ್ಯಾಬಿಗೆ ಬಂದ್ರು. "ನೀವು ಹೊರಗಿನವ್ರು, ನಿಮಗ ಪೂರಾ ಗೊತ್ತಿರಲಿಕ್ಕಿಲ್ಲ" ಅಂತ ನನಗ ಪಾಠ ಸುರು ಮಾಡಿದ್ರು. "ಪೂರ್ವಕ್ಕ ಮುಖ ಮಾಡಬೇಕು. ವಯಸ್ಸಿಗೆ ದೊಡ್ಡವ್ರು ಮೊದಲ ಹೇಳಬೇಕು. ನಿಂದರ್ರಿ, ಹೇಳ್ರಿ ನೋಡೋಣು."

ನಾ ಕೈ ಮುಗದೆ. "ಮಷೀನ್ ಅಜ್ಜಾರ, ನಿನ್ನಿ ನಾ ಏನೂ ಕೆಡಿಸಿಲ್ರಿ."

ಹಿಂದ ನಿಂತ ಜಪಾನಿನಾಂವ ನನ್ನ ಭುಜಾ ಮುಟ್ಟಿ ಕಿವ್ಯಾಗ ಹೇಳಿದ, "ಕಾಕಾ, ಮುಚ್ಚಿಟ್ರ ಮಷೀನಿಗೆ ಸಿಟ್ಟು ಬರ್ತದ."