ಸಾತನೂರಿನಲ್ಲಿ ದೆವ್ವ ನಾವೇ ಆದೆವು

ಸಾತನೂರಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿನಾಚೆ ಒಂದು ಹಳೆಯ ಮೊರ ಇತ್ತು. ಅದರಲ್ಲಿ ಕುಂಕುಮ ಕಲಸಿದ ಅನ್ನ, ಹೆಚ್ಚಿದ ನಿಂಬೆಹಣ್ಣು, ಒಣಮೆಣಸಿನಕಾಯಿ, ಬೇವಿನ ಸೊಪ್ಪು, ಒಂದು ಕೋಳಿಮೊಟ್ಟೆ. ಇಂಥದ್ದನ್ನು ನಮ್ಮ ಬೆಟಗೇರಿಯಲ್ಲೂ ನೋಡಿದ್ದೆ. ದೆವ್ವ ಹಿಡಿದವರಿಗೆ ನಿವಾಳಿಸಿ ದಾರಿ ಕೂಡುವಲ್ಲಿ ಇಟ್ಟುಬರುತ್ತಾರೆ. ವಾಸದ ಮನೆಯ ಬಾಗಿಲಿಗೆ ತಂದಿಟ್ಟದ್ದನ್ನು ಮಾತ್ರ ನೋಡಿರಲಿಲ್ಲ. ನನ್ನ ಯಜಮಾನರು ದಾರಿಯಲ್ಲಿ ನೇಗಿಲು ಹೊತ್ತು ಹೋಗುತ್ತಿದ್ದವನನ್ನು ನಿಲ್ಲಿಸಿ ಕೇಳಿದರು.

"ಯಾರಿಗಪ್ಪಾ ಇದು?"

ಅವನು ದೂರದಲ್ಲೇ ನಿಂತು ಹೇಳಿದ: "ಬ್ಯಾರೆ ಯಾರ್ಗೂ ಅಲ್ಲ ಕಣಯ್ಯ, ನಿಮ್ಗೇ ಮಡಗವ್ರೆ. ಇದ ತಕಂಡು ಬಂದ ದಾರೀಲೇ ಒಂಟೋಗ್ಲಿ ಅಂತ."

ಸೈತಾನನ ಮೇಲೆ ಯುದ್ಧಕ್ಕೆಂದು ಅಷ್ಟು ದೂರದಿಂದ ಬಂದಿದ್ದೆವು. ಬಂದ ಮೊದಲ ಬೆಳಿಗ್ಗೆಯೇ ಊರು ನಮ್ಮನ್ನು ದೆವ್ವವೆಂದು ತೀರ್ಮಾನಿಸಿ ದಾರಿಖರ್ಚಿಗೆ ಅನ್ನವನ್ನೂ ಕೊಟ್ಟುಬಿಟ್ಟಿತ್ತು.

ಬೆಟಗೇರಿ ಸಭೆಯ ಅಕ್ಕತಂಗಿಯರೇ, ನೀವು ನನ್ನ ಅನುಭವವನ್ನು ಬರೆದು ತಿಳಿಸೆಂದು ಕೇಳುತ್ತಲೇ ಇದ್ದೀರಿ. ನಿಮಗೆ ಬೇಕಾದದ್ದು ಜಯದ ಕಥೆ ಎಂದು ನನಗೆ ಗೊತ್ತು. ಅದು ನನ್ನ ಬಳಿ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಯಜಮಾನರಾದ ಯೋಹಾನಪ್ಪನವರನ್ನು ಮೈಸೂರು ಸೀಮೆಗೆ ಉಪದೇಶಿಯಾಗಿ, ಎಂದರೆ ಊರೂರಿಗೆ ಹೋಗಿ ಕ್ರೈಸ್ತಧರ್ಮ ಬೋಧಿಸುವವರಾಗಿ, ನೇಮಿಸಿದಾಗ ಬೆಂಗಳೂರಿನ ಮಿಶನ್ ದೊರೆಗಳು ಊರಿನ ಹೆಸರನ್ನು ತಮ್ಮ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ ನಕ್ಕಿದ್ದರಂತೆ. ಅವರ ಬರಹದಲ್ಲಿ ಅದು ಸೈತಾನನ ಊರೇ ಆಗಿ ಕಂಡಿತಂತೆ. ಅವರಿಗೆ ಅದು ತಮಾಷೆ. ಅಲ್ಲಿ ನೀರು ಸೇದಬೇಕಾದವಳು ನಾನು. ನೀರು ಸೇದಲೂ ಬಿಡಲಿಲ್ಲ. ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟು ಯಾರಾದರೂ ಹೊಯ್ಯುವವರೆಗೆ ಕಾಯಬೇಕಿತ್ತು. ಎಷ್ಟೋ ದಿನ ಬಿಸಿಲೇರಿದರೂ ಯಾರೂ ಹೊಯ್ಯುತ್ತಿರಲಿಲ್ಲ.

ನಮಗೆ ಮನೆ ಕೊಟ್ಟವರು ಚನ್ನಪಟ್ಟಣದ ರೇಷ್ಮೆ ವ್ಯಾಪಾರಿ ಖಾದರ್ ಸಾಬರು. ಗೂಡು ಕೊಳ್ಳಲು ಗಾಡಿ ಕಟ್ಟಿಕೊಂಡು ಸಾತನೂರಿಗೆ ಬರುತ್ತಿದ್ದರು. ಹಿಂದೊಮ್ಮೆ ಪ್ಲೇಗು ಬಂದಾಗ ಮಂದಿಯೆಲ್ಲ ಸತ್ತು ಖಾಲಿಯಾದ ಒಂದು ಮನೆ ಹೇಗೋ ಅವರ ಕೈಸೇರಿತ್ತು. ಆ ಮನೆಯ ಯಜಮಾನಿ ದೆವ್ವವಾಗಿ ಒಲೆಯ ಮುಂದೆ ಕೂತಿರುತ್ತಾಳೆಂದು ಊರವರು ಅದರ ನೆರಳಿಗೂ ಬರುತ್ತಿರಲಿಲ್ಲ.

"ಹೆದ್ರಿಕೆ ಇದ್ರೆ ಬ್ಯಾಡ ಅಮ್ಮಾ," ಎಂದರು ಸಾಬರು. "ನಮ್ದು ಮಾತು ಕೇಳಿದ್ರೆ, ಶೈತಾನ್ ಮನೇಲಿ ಇರೋದಿಲ್ಲ. ಮನ್ಸನ್ ಕಿವೀಲಿ ಇರ್ತಾನೆ. ಪಿಸಪಿಸಾಂತ ಮಾತಾಡ್ತಾನೆ, ಅಷ್ಟೇ."

ನಾವು ದಿನಾ ಸಂಜೆ ಕೀರ್ತನೆ ಹಾಡಿಕೊಂಡು ಅಲ್ಲೇ ಇದ್ದೆವು. ಬೇರೆ ಮನೆ ಎಲ್ಲಿತ್ತು?

ಊಟ ಇನ್ನೊಂದು ಪಾಡು. ನಮ್ಮಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿಗೇ ಹಸಿವಾಗುತ್ತದೆ. ಇಲ್ಲಿ ರಾಗಿಹಿಟ್ಟು ಬೇಯಿಸಿ ಉಂಡೆ ಮಾಡಿದ ಮುದ್ದೆ; ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದು ಅಗಿದು ಹಲ್ಲಿಗೆ ಮೆತ್ತಿಕೊಂಡು ನಾನು ಅತ್ತದ್ದುಂಟು. ಭಾಷೆಯೂ ಹಾಗೇ. ಕನ್ನಡವೇ ಹೌದು, ಆದರೆ ನಾನು ಮಾತಾಡಿದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವರು "ಒಸಿ ಇರು" ಎಂದರೆ ಸ್ವಲ್ಪ ತಾಳು ಎಂದರ್ಥ. ಅದು ತಿಳಿಯದೆ, ಜರುಗು ಎಂದರೆಂದುಕೊಂಡು ನಾನು ಸರಿದು ಕೂತೆ. ಆ ನಗುವಿನಲ್ಲಿ ಸಲಿಗೆ ಇರಲಿಲ್ಲ.

ಎಲ್ಲಕ್ಕಿಂತ ಬೇರೆಯಾಗಿ ಕಂಡದ್ದು ದೆವ್ವದ ವಿಚಾರ. ನಮಗೆ ಚಿಕ್ಕಂದಿನಿಂದ ಕಲಿಸಿದ ಸೈತಾನ ಒಬ್ಬನೇ. ದೇವದೂತನಾಗಿದ್ದವನು ಸೊಕ್ಕಿನಿಂದ ಬಿದ್ದ. ತಾನೊಬ್ಬನೇ ಬೀಳಲಾರದೆ ಲೋಕವನ್ನೆಲ್ಲ ಎಳೆಯುತ್ತಿದ್ದಾನೆ. ಇವರ ದೆವ್ವಗಳು ಹಲವು. ಒಂದೊಂದಕ್ಕೂ ಹೆಸರಿದೆ, ಮನೆತನವಿದೆ, ತೀರದ ಆಸೆಯಿದೆ. ಕೇಳಿದ್ದು ಕೊಟ್ಟರೆ ಹೋಗುತ್ತವೆ. ನಮ್ಮವನಿಗೆ ಏನು ಕೊಟ್ಟರೂ ಸಾಲದು. ಬೆಟಗೇರಿಯಲ್ಲಿ ನಮಗೆ ಸತ್ಯವೇದದ ಪಾಠ ಹೇಳಿದ ಮುದುಕ ಗುರುಗಳು ಅವನನ್ನು ನಮ್ಮೊಳಗೇ ಹುಡುಕಿ ಎನ್ನುತ್ತಿದ್ದರು. "ಅವನ ಹೆಸರಿನ ಅರ್ಥ ಗೊತ್ತದ ಏನವ್ವಾ? ದೂರು ಹೇಳಾಂವ ಅಂತ. ಮಂದಿ ಮ್ಯಾಲ ಬೊಟ್ಟು ಮಾಡಿ ನಿಂತಾಗ ನಿನ್ನ ಹಿಂದ ಅವ ನಿಂತಿರತಾನ," ಎನ್ನುತ್ತಿದ್ದರು. ಸಾತನೂರಿಗೆ ಬಂದಮೇಲೆ ನಮಗೆ ಬೆಂಗಳೂರಿನಿಂದ ಸಿಕ್ಕ ಅಪ್ಪಣೆ ಬೇರೆ. ಸೈತಾನ ಊರಾಚೆಯ ಮಾರಮ್ಮನ ಗುಡಿಯಲ್ಲಿದ್ದಾನೆ, ಆಲದ ಮರದಲ್ಲಿದ್ದಾನೆ, ಹಾಗೆಂದು ಸಂತೆಯಲ್ಲಿ ಸಾರಿ ಹೇಳಿ ಎಂದು. ನನ್ನ ಯಜಮಾನರು ಹೇಳಿದರು. ಜನ ಕಲ್ಲೆಸೆದರು. ಅವರ ಹಣೆಯಲ್ಲಿ ಆ ಗಾಯದ ಕಲೆ ಇಂದಿಗೂ ಇದೆ.

ನಮ್ಮ ಪಕ್ಕದ ಹಟ್ಟಿ ಕೆಂಪಮ್ಮನದು. ರೇಷ್ಮೆಹುಳ ಸಾಕುವ ಮನೆ. ಅವಳ ಹುಳು ಆ ವರ್ಷ ಕಪ್ಪಾಗಿ ಸತ್ತವು. ನನ್ನ ಕಣ್ಣು ಬಿದ್ದದ್ದೇ ಕಾರಣವೆಂದು ನನ್ನ ಎದುರೇ ಬೈದಳು. ಆಮೇಲೆ ಅವಳ ಸೊಸೆ ಸಾಕಮ್ಮನ ಹಸುಗೂಸು ತೀರಿಕೊಂಡಿತು. ಸಾಕಮ್ಮ ಉಯ್ಯಂಬಳ್ಳಿಯ ಹುಡುಗಿ. ಮಗು ಹೋದಮೇಲೆ ಊಟ ಬಿಟ್ಟಳು, ಮಾತು ಬಿಟ್ಟಳು. ಹಿಪ್ಪುನೇರಳೆ ತೋಟದಲ್ಲಿ ಒಬ್ಬಳೇ ನೆಲ ಕೆದಕುತ್ತಿರುವುದನ್ನು ಯಾರೋ ಕಂಡರು. ದೆವ್ವ ಮೆಟ್ಟಿದೆ ಎಂದರು. ಯಾವ ದೆವ್ವ ಎಂಬುದನ್ನು ಕೆಂಪಮ್ಮ ನಮ್ಮ ಅಂಗಳದ ಅಂಚಿಗೆ ಬಂದು ಕೂಗಿ ಹೇಳಿದಳು.

"ಎಲ್ಲೋ ಒಲೆ ಮುಂದೆ ಬಿದ್ದಿದ್ದ ದೆವ್ವವ ನೀವು ಹಾಡಿ ಹಾಡಿ ಓಡಿಸ್ಬುಟ್ರಿ! ಅದು ಎಲ್ಗೋದಾತು? ನಮ್ಮಟ್ಟಿಗೆ ಬಂದು ನನ್ ಸೊಸೆ ಮೈ ಸೇರ್ಕಂತು. ನಿಮ್ ಮನೆ ಹಾಳಾಗ!"

ನನಗೆ ಸಿಟ್ಟು ಬಂತು, ಜೊತೆಗೆ ಭಯವೂ ಆಯಿತು. ಅವಳ ಮಾತನ್ನು ಅಲ್ಲಗಳೆಯಲು ನಮ್ಮ ನಂಬಿಕೆಯಲ್ಲಿ ಏನೂ ಇರಲಿಲ್ಲ. ಓಡಿಸಿದ ದುರಾತ್ಮ ಬೇರೆ ಗೂಡು ಹುಡುಕುತ್ತದೆಂದು ನಾವೂ ನಂಬುವವರೇ ಅಲ್ಲವೇ?

ನನ್ನ ಯಜಮಾನರು ಈ ಸುದ್ದಿಯನ್ನು ಬೆಂಗಳೂರಿಗೆ ಹೇಳಿಕಳುಹಿಸಿದರು. ಅಲ್ಲಿಂದ ಒಬ್ಬ ಪಾದ್ರಿ ಅಯ್ಯನವರು ಬಂದರು. ಹೆಸರು ಬರೆಯುವುದಿಲ್ಲ. ನಮ್ಮವರೇ, ಕನ್ನಡದವರೇ, ಗಂಟಲು ಗಟ್ಟಿ. ಬಂದಾಗಿನಿಂದ ಅವರ ಮುಖದಲ್ಲಿ ಹಬ್ಬದ ಕಳೆ.

"ಇದು ದೇವರೇ ಒದಗಿಸಿದ ರಣರಂಗ, ಯೋಹಾನಪ್ಪ," ಎಂದರು. "ಇಡೀ ಊರು ನೋಡುತ್ತಿರುವಾಗ ಆ ದುರಾತ್ಮವನ್ನು ಹೊರಡಿಸಿದರೆ ಸೈತಾನನ ಕೋಟೆ ಒಂದೇ ದಿನದಲ್ಲಿ ಬೀಳುತ್ತದೆ."

"ಆ ಹುಡುಗಿಗೆ ಏನಾಗೇತಿ ಅಂತ ಯಾರರೆ ಕೇಳೇರೇನ್ರಿ?" ಎಂದೆ.

"ಕೇಳುವುದೇನು? ಅವಳ ಬಾಯಲ್ಲಿ ಮಾತಾಡುವವನು ಅವನು."

ಮರುದಿನ ಮಧ್ಯಾಹ್ನ ಕೆಂಪಮ್ಮನ ಹಟ್ಟಿಯ ಮುಂದೆ ಊರೇ ಸೇರಿತ್ತು. ಅವರೂ ಮಂತ್ರದವನೊಬ್ಬನನ್ನು ಕರೆಸಿದ್ದರು. ಸಾಕಮ್ಮನನ್ನು ನಡುವೆ ಕೂರಿಸಿ ಕೂದಲನ್ನು ಕಂಬಕ್ಕೆ ಕಟ್ಟಿದ್ದರು. ಮಂತ್ರದವನ ಕೈಯಲ್ಲಿ ಹುಣಸೆಯ ಬರಲು, ಬಳುಕುವ ಹಸಿ ಕಡ್ಡಿ. ಅವಳ ಗಂಡ ಸಿದ್ದ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದ. ನಮ್ಮ ಪಾದ್ರಿ ಅಯ್ಯನವರು ಇನ್ನೊಂದು ಮಗ್ಗುಲಿಗೆ ಹೋಗಿ ಕೈ ಎತ್ತಿ ನಿಂತರು. ಯಾರೂ ತಡೆಯಲಿಲ್ಲ. ಯಾರ ದೇವರು ಗಟ್ಟಿಯೋ ನೋಡುವ ಕುತೂಹಲ ಎಲ್ಲರಿಗೂ.

"ಯಾರು ನೀನು? ಹೆಸ್ರೇಳು!" ಎಂದು ಮಂತ್ರದವನು ಬರಲು ಬೀಸಿದ.

"ಅಶುದ್ಧಾತ್ಮವೇ, ನಿನ್ನ ಹೆಸರೇನು?" ಎಂದು ನಮ್ಮ ಪಾದ್ರಿ ಅಯ್ಯನವರು ಗುಡುಗಿದರು.

ಅಷ್ಟು ಕಾಲದಿಂದ ಬಾಯಿ ಬಿಡದಿದ್ದ ಸಾಕಮ್ಮ ತಲೆ ಎತ್ತಿದಳು. "ಸಾಕಿ," ಎಂದಳು.

"ಸುಳ್ಳು!" ಎಂದ ಮಂತ್ರದವನು. ಬರಲು ಬೆನ್ನಿಗೆ ಬಿತ್ತು.

"ಸುಳ್ಳಿನ ತಂದೆಯೇ, ಮೋಸ ಮಾಡಬೇಡ!" ಎಂದರು ಅಯ್ಯನವರು.

"ನಾನು ಸಾಕಿ ಕಣ್ರಯ್ಯಾ. ಉಯ್ಯಂಬಳ್ಳಿ ಸಾಕಿ," ಎಂದಳು ಅವಳು. ಮತ್ತೆ ಏಟು ಬಿತ್ತು. ಮತ್ತೆ ಗುಡುಗು.

ಒಬ್ಬ ಹೆಂಗಸು ತನ್ನ ಹೆಸರನ್ನು ತಾನು ಹೇಳಿದಳು. ಬೇರೆ ಯಾವುದರಲ್ಲೂ ಒಪ್ಪದ ಇಬ್ಬರು ಗಂಡಸರು ಅದು ಸುಳ್ಳೆಂಬುದರಲ್ಲಿ ಒಪ್ಪಿದರು. ಗುರುಗಳು ಕಲಿಸಿದ ಸೈತಾನನನ್ನು ನಾನು ಆ ಹೊತ್ತಿನಲ್ಲಿ ಕಂಡೆ. ಅವನು ಇದ್ದಾನೆ, ಅದರಲ್ಲಿ ನನಗೆ ಸಂಶಯವಿಲ್ಲ. ಅವನು ಸಾಕಮ್ಮನ ಮೈಯಲ್ಲಿರಲಿಲ್ಲ. ಬೊಟ್ಟು ಮಾಡಿ ನಿಂತ ನಮ್ಮೆಲ್ಲರ ಬೆನ್ನಿಗಿದ್ದ.

ನಾನು ಹೋಗಿ ಅವಳ ಕೂದಲಿನ ಗಂಟು ಬಿಚ್ಚಿದೆ. ಬರಲು ನನ್ನ ತೋಳಿಗೂ ಬಿತ್ತು. ಅವಳನ್ನು ಎಬ್ಬಿಸಿ ನಡೆಸಿಕೊಂಡು ನಮ್ಮ ಮನೆಗೆ ಬಂದು ಅಗಳಿ ಹಾಕಿದೆ. ಹಿಂದೆ ಕೆಂಪಮ್ಮನ ಕೂಗು: "ನನ್ ಸೊಸೇನ ದೆವ್ವುದ್ ಮನೆಗೆ ಎಳ್ಕಂಡೋದ್ಲು, ಬನ್ರಲಾ, ಯಾರಾರ ಬನ್ರಲಾ!"

ಯಾರೂ ಬರಲಿಲ್ಲ. ನೀವು ಇದನ್ನು ದೇವರ ಕಾಪಾಡುವಿಕೆ ಎನ್ನಬಹುದು. ನಾನು ಕಂಡದ್ದು ಇಷ್ಟು: ಆ ಮನೆಯ ಹೊಸ್ತಿಲು ದಾಟುವ ಎದೆ ಊರಿನಲ್ಲಿ ಒಬ್ಬನಿಗೂ ಇರಲಿಲ್ಲ. ದಾಟಬಲ್ಲವರು ಇಬ್ಬರೇ, ಪಾದ್ರಿ ಅಯ್ಯನವರು ಮತ್ತು ನನ್ನ ಗಂಡ.

"ಸಲೋಮಮ್ಮ, ಬಾಗಿಲು ತೆಗೆಯಿರಿ," ಎಂದರು ಅಯ್ಯನವರು. "ನೀವು ಸೈತಾನನಿಗೆ ಆಶ್ರಯ ಕೊಡುತ್ತಿದ್ದೀರಿ. ಯೋಹಾನಪ್ಪ, ನಿನ್ನ ಹೆಂಡತಿಗೆ ಹೇಳು."

ಕಿಟಕಿಯ ಸಂದಿನಲ್ಲಿ ನೋಡಿದೆ. ನನ್ನ ಯಜಮಾನರು ಜಗುಲಿ ಹತ್ತಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು.

"ಒಳಗ ಹೆಣ್ಮಕ್ಕಳದಾರ್ರಿ ಅಯ್ಯನವರ," ಎಂದರು. "ಹೋಗಬ್ಯಾಡ್ರಿ."

ಅವರು ಎಂದೂ ಹೆಚ್ಚು ಮಾತಾಡಿದವರಲ್ಲ. ಆ ದಿನ ಅಷ್ಟು ಮಾತಾಡಿದ್ದಕ್ಕೆ ತಮ್ಮ ಕೆಲಸವನ್ನೇ ತೆತ್ತರು.

ಒಳಗೆ ಸಾಕಮ್ಮ ಗಂಜಿ ಕುಡಿದಳು. ಅವಳ ಬೆನ್ನಿಗೆ ಎಣ್ಣೆ ಹಚ್ಚುವಾಗ ನಾನು ಏನೂ ಕೇಳಲಿಲ್ಲ. ತಾನೇ ಹೇಳಿದಳು. ಕೂಸನ್ನು ಗಂಡಸರು ಎತ್ತಿಕೊಂಡು ಹೋಗಿ ಹೂತುಬಂದಿದ್ದರು. ಎಲ್ಲಿ ಎಂದು ಹೇಳಿರಲಿಲ್ಲ. ತಿಳಿದರೆ ತಾಯಿಯ ಮನಸ್ಸು ಅಲ್ಲೇ ನಿಲ್ಲುತ್ತದೆಂದು ಅವರ ಪದ್ಧತಿಯಂತೆ.

"ತೋಟ್ದಲ್ಲೇ ಎಲ್ಲೋ ಐತೆ ಅಮ್ಮಾ. ಒಂದ್ಸಲ ನೋಡ್ಬೇಕು ಅಂದೆ. ಅತ್ತೆ ಹೊಡುದ್ಲು. ಆಮ್ಯಾಕೆ ನಾನು ಯಾರ್ನೂ ಕೇಳ್ನಿಲ್ಲ. ನಾನೇ ಹುಡಿಕ್ತಿದ್ದೆ."

ಅವಳ ದೆವ್ವ ಅಷ್ಟೇ ಆಗಿತ್ತು.

ಖಾದರ್ ಸಾಬರು ಆ ಹೊತ್ತಿಗೆ ಗೂಡಿಗೆಂದು ಸಾತನೂರಿಗೆ ಬಂದಿದ್ದರು. ಮರುದಿನ ಬೆಳಿಗ್ಗೆ ಗಾಡಿಯನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿ ಅವಳನ್ನು ತೌರಿಗೆ ಬಿಟ್ಟುಬರುತ್ತೇನೆಂದರು. ನಾನೂ ಹತ್ತಿದೆ. ಗಾಡಿ ಹೊರಡುವಾಗ ಕೆಂಪಮ್ಮ ಬಂದಳು. ಅಂಗಳಕ್ಕೆ ಕಾಲಿಡಲಿಲ್ಲ. ಸೊಸೆಯತ್ತ ನೋಡಲೂ ಇಲ್ಲ. ನನ್ನನ್ನೇ ದಿಟ್ಟಿಸಿ, ಬೈಯುವ ದನಿಯಲ್ಲೇ ಹೇಳಿದಳು.

"ತೋಟುದ್ ಬದೂಗೆ, ಹೊಂಗೆ ಮರುದ್ ಬುಡ್ದಲ್ಲೈತೆ. ಏಳ್ಬುಡು ಅವ್ಳ್ಗೆ." ತಿರುಗಿದವಳು ನಿಂತು, "ಇನ್ಮ್ಯಾಕೆ ನಮ್ಮಟ್ಟಿ ಕಡೆ ತಲೆ ಹಾಕ್ಬ್ಯಾಡ ನೀನು," ಎಂದಳು.

ಆ ಮರದ ಬಳಿ ಗಾಡಿ ನಿಂತಿತು. ಸಾಕಮ್ಮ ಇಳಿದು ಹೋಗಿ ಮಣ್ಣಿನ ಮೇಲೆ ಅಂಗೈ ಇಟ್ಟು ಕೂತಳು. ಸಾಬರು ಎತ್ತುಗಳ ಕಡೆ ಮುಖ ಮಾಡಿ ನಿಂತರು. ಅವಳು ಅತ್ತದ್ದು ಕೇಳಿಸಿತು. ಸಾತನೂರಿನಲ್ಲಿ ನಾನು ಕೇಳಿದ ಸದ್ದುಗಳಲ್ಲೆಲ್ಲ ಅದೊಂದೇ ನನಗೆ ಪರಕೀಯವೆನಿಸಲಿಲ್ಲ. ಸಂಜೆಗೆ ಉಯ್ಯಂಬಳ್ಳಿ ಸೇರಿದೆವು. ಅವಳ ತಂದೆ ಮಗಳನ್ನು ಇಳಿಸಿಕೊಂಡ. ನನಗೆ ನೀರು ಬೇಕೇ ಎಂದು ಕೇಳಲಿಲ್ಲ.

ಮುಂದಿನದು ನಿಮಗೆ ಅರ್ಧ ತಿಳಿದಿದೆ. ಬೆಂಗಳೂರಿನವರು ನಾನು ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕೆಂದರು. ಒಪ್ಪಲಿಲ್ಲ. ನನ್ನ ಯಜಮಾನರನ್ನು ಉಪದೇಶಿಯ ಕೆಲಸದಿಂದ ತೆಗೆದರು. ಸಾಬರ ಮಾತಿನ ಮೇಲೆ ಕ್ಲೋಸ್‌ಪೇಟೆಯಲ್ಲಿ ಗೂಡಿನಿಂದ ನೂಲು ಬಿಚ್ಚುವವರ ಕೇರಿಯಲ್ಲಿ ಮನೆ ಸಿಕ್ಕಿತು. ಅಲ್ಲೇ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತ ಇದ್ದೇವೆ. ಸುತ್ತ ಬಂಡೆಗಳ ಊರು. ಮುದ್ದೆ ಈಗ ಗಂಟಲಲ್ಲಿ ತಾನೇ ಇಳಿಯುತ್ತದೆ.

ಆದರೂ ಈ ಸೀಮೆಯನ್ನು ಪ್ರೀತಿಸುತ್ತೇನೆಂದು ಬರೆದರೆ ಸುಳ್ಳಾದೀತು. ಕೆಲವು ವರ್ಷಗಳ ಮೇಲೆ ಕೆಂಗಲ್ಲಿನ ಬಳಿ ಗಾಡಿಗಳು ನಿಲ್ಲುವಲ್ಲಿ ಸಾಕಮ್ಮನನ್ನು ಕಂಡೆ. ಬೇರೆ ಕಡೆ ಕೂಡಾವಳಿಯಾಗಿತ್ತು, ಎಂದರೆ ಎರಡನೆಯ ಮದುವೆ. ಸೊಂಟದಲ್ಲಿ ದುಂಡಗಿನ ಮಗು, ಪಕ್ಕದಲ್ಲಿ ಹೊಸ ಅತ್ತೆ. ನನ್ನ ಗುರುತು ಹತ್ತಿತು, ಕಣ್ಣಲ್ಲೇ ಗೊತ್ತಾಯಿತು. ಅವಳು ಮಗುವಿನ ಮುಖವನ್ನು ಎದೆಗೆ ಒತ್ತಿ ಮರೆಮಾಡಿ ಆಚೆ ತಿರುಗಿದಳು. "ಯಾರವ್ವಾ ಅದು?" ಎಂದು ಅತ್ತೆ ಕೇಳಿದ್ದು, "ಯಾರೋ ಕಾಣೆ," ಎಂದು ಅವಳೆಂದದ್ದು ಎರಡೂ ನನಗೆ ಕೇಳಿಸಿದವು. ಬದುಕಲು ಅವಳು ಅಷ್ಟು ಹೇಳಲೇಬೇಕಿತ್ತು. ನನಗೆ ನೋವಾಗದೆ ಇರಲಿಲ್ಲ.

ಹೋದ ಸಲ ಬೆಟಗೇರಿಗೆ ಬಂದಾಗ ನೀವು ನನ್ನನ್ನು ನಡುವೆ ಕೂರಿಸಿ, ಆ ದೇಶದ ಅಂಧಕಾರ ನನ್ನನ್ನು ಬಿಟ್ಟುಹೋಗಲೆಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಿರಿ. ನಿಮ್ಮ ಕೈಗಳು ಬೆಚ್ಚಗಿದ್ದವು. ಆದರೆ ನೀವು ಯಾರನ್ನು ಹೊರಗೆ ಕರೆಯುತ್ತಿದ್ದೀರೆಂದು ನನಗೆ ತಿಳಿಯಲಿಲ್ಲ. ಅಲ್ಲಿಂದ ಓಡಿ ಬರಬೇಕೆನಿಸಿತು. ಬಂದು ಸೇರಲು ಇದ್ದದ್ದಾದರೂ ನಾನು ಬೇಡವಾದ ಈ ಊರು.

ಈಗ ಪ್ರತಿದಿನ ಸಂಜೆ ನಾವಿಬ್ಬರೂ ಮೊಣಕಾಲೂರಿ ಕರ್ತನು ಕಲಿಸಿದ ಪ್ರಾರ್ಥನೆ ಹೇಳುತ್ತೇವೆ. ಅದರಲ್ಲಿ ಕೇಡಿಗನ, ಎಂದರೆ ಸೈತಾನನ, ಕೈಯಿಂದ ನಮ್ಮನ್ನು ತಪ್ಪಿಸಬೇಕೆಂದು ಬೇಡುವ ಜಾಗ ಬರುತ್ತದೆ. ಬೆಟಗೇರಿಯಲ್ಲಿ ಹುಡುಗಿಯಾಗಿ ಅದನ್ನು ಹೇಳುವಾಗ ಕಣ್ಣಮುಂದೆ ಯಾರೂ ಬರುತ್ತಿರಲಿಲ್ಲ. ಸಾತನೂರಿನಲ್ಲಿ ಕೆಂಪಮ್ಮನ ಮುಖ ಬರುತ್ತಿತ್ತು. ಆಮೇಲೆ ಬಹಳ ಕಾಲ ಪಾದ್ರಿ ಅಯ್ಯನವರದು ಬಂತು. ಈಚೆಗೆ ಒಮ್ಮೊಮ್ಮೆ ನಿಮ್ಮದೂ ಬರುತ್ತದೆ. ಆಗ ಬೊಟ್ಟು ಮಾಡುತ್ತಿರುವವಳು ನಾನೇ ಎಂದು ತಿಳಿದು, ಆ ಮಾತನ್ನು ಅಲ್ಲೇ ನಿಲ್ಲಿಸಿ ಮೊದಲಿನಿಂದ ಹೇಳುತ್ತೇನೆ. ನನ್ನ ಪಾಲಿನ ಯುದ್ಧವೆಂದರೆ ಇಷ್ಟೇ. ಯಾರ ಮುಖವೂ ಅಡ್ಡ ಬಾರದೆ ಆ ಮಾತು ಮುಗಿಯುವ ಸಂಜೆ ನಾನು ಎಲ್ಲಿರುತ್ತೇನೋ, ಅದೇ ನನ್ನ ಊರೆಂದುಕೊಂಡಿದ್ದೇನೆ. ಆ ಸಂಜೆ ಇನ್ನೂ ಬಂದಿಲ್ಲ.