ಪರದೆ ಬಟ್ಟೆಯ ಅಂಗಿ

ನಮ್ಮ ಯಜಮಾನರು ದರ್ಜಿ. ಅವರು ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಮೂವರು ಮೊಮ್ಮಕ್ಕಳನ್ನು ಕಟ್ಟಿಕೊಂಡು, ಪ್ರವಾಸಿಗರು ಕೆರೆ ನೋಡಲು ಬರುವ ಸಣ್ಣ ಊರಿಗೆ ಹೋಗಿದ್ದೆವು. ಜನರ ನಡುವೆ ಮಕ್ಕಳು ತಪ್ಪಿಹೋಗಬಾರದೆಂದು ಮೂವರಿಗೂ ಕಿತ್ತಳೆ ಬಣ್ಣದ, ದೊಡ್ಡ ಹೂವಿನ ಬಟ್ಟೆಯಲ್ಲಿ ಅಂಗಿ ಹೊಲಿದಿದ್ದರು.

"ಕಣ್ಣಿಗೆ ಹೊಡೆಯುತ್ತೆ," ಎಂದೆ.

"ಹೊಡೀಲಿ ಅಂತಾನೇ ಕಣೇ ಹೊಲಿದಿದ್ದು."

ಕೆರೆ ದಡದ ಹೋಟೆಲಿನಲ್ಲಿ ಊಟ ಮುಗಿಸಿ ಎದ್ದರೆ ಕಿರಿಯವಳೇ ಇಲ್ಲ. ಎದುರಿಗೇ ನೀರು. ಇವರು ಮೇಜುಗಳ ಕೆಳಗೆ, ದೋಣಿಗಳಲ್ಲಿ ಹುಡುಕಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದರು. ಆಗ ಕಿಟಕಿಯ ಪರದೆ ಸೀನಿತು.

ಪರದೆಗೂ ಅದೇ ಕಿತ್ತಳೆ, ಅದೇ ಹೂವು. ಮಗು ಅದಕ್ಕೆ ಒರಗಿ ನಿಂತಿತ್ತು.

"ಕರೆದ್ರೆ ಓ ಅನ್ನಬಾರ್ದೇನೇ?"

"ಓ ಅಂದ್ರೆ ಆಟ ಮುಗಿದುಹೋಗುತ್ತಲ್ಲ, ತಾತ."

ನಾನು ಇವರ ಕಡೆ ತಿರುಗಿದೆ. "ಈ ಪರದೆ ಹೊಲಿದೋರು ಯಾರು?"

"ನಾನೇ. ಯಾವ ಹೋಟೆಲಿಗೆ ಅಂತ ಹೊಲಿಸಿದೋರು ಹೇಳ್ಲಿಲ್ಲ. ಬಟ್ಟೆ ಉಳಿದಿತ್ತು."

"ಸದ್ಯ, ನನಗೊಂದು ರವಿಕೆ ಹೊಲೀಲಿಲ್ಲ. ನಾನೂ ಕಳೆದುಹೋಗ್ತಿದ್ದೆ."

ನಕ್ಕರು. ಮನೆ ಸೇರುವವರೆಗೂ ಮಗುವನ್ನು ತೊಡೆಯಿಂದ ಇಳಿಸಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಇವರು ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತು.

ಗಿರಾಕಿಗಳಿಗೆ ಹೊಲಿದಿಟ್ಟ ಬಟ್ಟೆಗಳು ಅಂಗಡಿಯಲ್ಲಿ ಉಳಿದಿವೆ. ಯಾವುದು ಯಾರದೆಂದು ಅವರಿಗೆ ಮಾತ್ರ ಗೊತ್ತಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಒಂದೊಂದನ್ನೇ ಕೊಡವಿ ಬೀದಿಗೆ ಕಾಣುವಂತೆ ನೇತುಹಾಕುತ್ತೇನೆ. ಗುರುತು ಹಿಡಿದವರು ತಮ್ಮದನ್ನು ತೆಗೆದುಕೊಂಡು ಹೋಗುತ್ತಾರೆ.