ದಿಲ್‌ಸುಖ್‌ನಗರದ ಮೂರನೇ ಮಹಡಿ

ಈ ಬೀದಿಯಲ್ಲಿ ಬಟ್ಟೆ ಅಂಗಡಿಗಳಿಗಿಂತ ಕಂಪ್ಯೂಟರ್ ಕಲಿಸುವ ಅಂಗಡಿಗಳೇ ಹೆಚ್ಚು. ಅಂಥದ್ದೊಂದರ ಮೂರನೇ ಮಹಡಿಯಲ್ಲಿ ಅಣ್ಣನ ಮಗಳು ಸುನಂದಾ ಕಲಿಯುತ್ತಾಳೆ. ಊರಿನಿಂದ ಬಂದು ನಾಂಪಲ್ಲಿ ಸ್ಟೇಷನ್ನಿನಲ್ಲಿ ರೈಲಿಳಿದವನು ಶೇಂಗಾ ಉಂಡೆಯ ಡಬ್ಬಿ ಹಿಡಿದು ನೇರ ಅಲ್ಲಿಗೆ ಹೋದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಚುಗಳು ತುಂಬಿ, ಉಳಿದವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬರೆಯುತ್ತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಬರೆದ ಕೂಡಲೇ ಅಳಿಸುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡ ಸುನಂದಾ "ಕಾಕಾ!" ಎಂದು ದಡಕ್ಕನೆ ಎದ್ದಳು. ಎದ್ದವಳ ಮುಖ ಬಿಳಿಚಿತು. ಗೋಡೆಗೆ ಕೈ ಚಾಚಿ, ಗೋಡೆ ಸಿಗದೆ ಕುಸಿದಳು.

ನನ್ನ ಕೈಯಿಂದ ಡಬ್ಬಿ ಬಿತ್ತು. ಆ ಸದ್ದಿಗೂ ಯಾರೂ ತಿರುಗಲಿಲ್ಲ. ಮೇಷ್ಟ್ರು ಒಮ್ಮೆ ನೋಡಿ, ತೆಲುಗಿನಲ್ಲಿ ಪಾಠ ಮುಂದುವರಿಸಿದರು. ಪಕ್ಕದ ಹುಡುಗಿ ಎಡಗೈಯಿಂದ ಸುನಂದಾಳ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಬಲಗೈ ಬರೆಯುತ್ತಲೇ ಇತ್ತು.

"ಘಾಬರಿ ಆಗಬ್ಯಾಡ್ರಿ ಕಾಕಾ. ಮುಂಜಾನಿಂದ ಉಂಡಿಲ್ಲ, ಒಮ್ಮೆಲೆ ಎದ್ದಾಳ, ಚಕ್ಕರ್ ಬಂದೈತಿ. ದಿನಾ ಯಾರರ ಒಬ್ಬರು ಬೀಳ್ತಾರ್ರಿ," ಎಂದಳು ನಮ್ಮ ಕಡೆಯ ಮಾತಿನಲ್ಲೇ, ಬೋರ್ಡಿನಿಂದ ಕಣ್ಣು ಕೀಳದೆ.

ದಿನಾ! ಯಾರ್ಯಾರದೋ ಕಾಲು ದಾಟಿಕೊಂಡು ಹೋಗಿ ಸುನಂದಾಳೆದುರು ಮೊಣಕಾಲೂರಿದೆ. ಅಲ್ಲೇ ಇದ್ದ ಬಾಟಲಿಯಿಂದ ಮುಖಕ್ಕೆ ನೀರು ಚಿಮುಕಿಸಿದೆ.

"ಸುನಂದಾ, ಯವ್ವಾ, ಕಣ್ಣು ತೆರಿ."

ತೆರೆದಳು. ನನ್ನ ಗುರುತು ಹಿಡಿದಳು. ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ.

"ಕಾಕಾ, ಜರಾ ಸರೀರಿ. ಬೋರ್ಡ್ ಕಾಣವಲ್ದು."